ಮಳೆಗಾಲದಲ್ಲಿ ದಾರಿ ಮುಚ್ಚಿದಾಗ: ಆಸ್ಪತ್ರೆ, ಶಾಲೆ, ಕಲಾಕೇಂದ್ರಗಳ ಪೂರೈಕೆಯನ್ನು ಕಾಯ್ದುಕೊಳ್ಳುವ ಬಗೆ

ಪ್ರಶ್ನೆ: ನಮ್ಮ ಟ್ರಸ್ಟ್ ಶಿರಸಿಯಲ್ಲಿ ಒಂದು ಅನುದಾನಿತ ಪ್ರೌಢಶಾಲೆ, ಎರಡು ಡಯಾಲಿಸಿಸ್ ಯಂತ್ರಗಳಿರುವ 20 ಹಾಸಿಗೆಗಳ ಆಸ್ಪತ್ರೆ ಮತ್ತು ಯಕ್ಷಗಾನ ಕಲಿಸುವ ಕಲಾಕೇಂದ್ರವನ್ನು ನಡೆಸುತ್ತಿದೆ. ಕುಮಟಾದಲ್ಲಿ ಒಂದು ಚಿಕ್ಕ ಹೊರರೋಗಿ ಚಿಕಿತ್ಸಾಲಯವೂ ಇದೆ. 2024ರ ಮಳೆಗಾಲದಲ್ಲಿ ಕರಾವಳಿಯ ಹೆದ್ದಾರಿ ಬಂದ್ ಆದಾಗ ಕೆಲವು ಔಷಧಗಳು ಹೊತ್ತಿಗೆ ಸರಿಯಾಗಿ ಸಿಗದೆ ಪರದಾಡಿದೆವು. ಈಗ ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ. ಎಲ್ಲ ಸಾಮಾನನ್ನೂ ಮೂರು ತಿಂಗಳಿಗೆ ಆಗುವಷ್ಟು ಮೊದಲೇ ಕೊಂಡಿಡೋಣ ಎಂದು ಕೆಲವರು ಹೇಳುತ್ತಾರೆ. ಹುಬ್ಬಳ್ಳಿಯ ಒಬ್ಬರೇ ದೊಡ್ಡ ವಿತರಕರಿಗೆ ವಾರ್ಷಿಕ ಗುತ್ತಿಗೆ ಕೊಟ್ಟು, ರಿಯಾಯಿತಿಯನ್ನೂ ಪಡೆದು, ಪೂರೈಕೆಯ ಹೊಣೆಯನ್ನು ಅವರಿಗೇ ಬಿಡೋಣ ಎಂದು ಉಳಿದವರು ಹೇಳುತ್ತಾರೆ. ಯಾವುದು ಸರಿ? ಈ ಕೆಲಸವನ್ನು ಯಾರಿಗೆ ವಹಿಸಬೇಕು?
— ಟ್ರಸ್ಟಿನ ಕಾರ್ಯದರ್ಶಿ, ಶಿರಸಿ

ಉತ್ತರ: ಎರಡು ಅಭಿಪ್ರಾಯಗಳಲ್ಲಿ ಯಾವುದನ್ನೂ ಇಡಿಯಾಗಿ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಮೂರು ತಿಂಗಳ ದಾಸ್ತಾನು ಎಂಬ ಒಂದೇ ಅಳತೆಯನ್ನು ಎಲ್ಲಕ್ಕೂ ಹಿಡಿದರೆ ಬಿಸಿಯೂಟದ ಅಕ್ಕಿ ಶ್ರಾವಣದ ಹೊತ್ತಿಗೆ ಮುಗ್ಗಲು ಹಿಡಿಯುತ್ತದೆ, ಇನ್ಸುಲಿನ್ ಇಡಲು ಫ್ರಿಜ್‌ನಲ್ಲಿ ಜಾಗ ಸಾಲುವುದಿಲ್ಲ, ಮದ್ದಳೆಗೆ ಮುಚ್ಚಿಗೆ (ಬಾರಿಸುವ ಚರ್ಮದ ಹೊದಿಕೆ) ಹಾಕುವ ಕುಶಲಕರ್ಮಿಯನ್ನಂತೂ ಯಾವ ಕೋಣೆಯಲ್ಲಿಯೂ ದಾಸ್ತಾನು ಮಾಡಲು ಬರುವುದಿಲ್ಲ. ಒಬ್ಬರೇ ವಿತರಕರಿಗೆ ಎಲ್ಲವನ್ನೂ ಒಪ್ಪಿಸಿದರೆ ಬೆಲೆ ಕಡಿಮೆಯಾದೀತು. ಆದರೆ ಅವರ ಲಾರಿ ಬಾರದ ದಿನ ರೋಗಿಯ ಮನೆಯವರಿಗೆ ಉತ್ತರ ಕೊಡಬೇಕಾದವರು ನೀವೇ ಹೊರತು ಆ ವಿತರಕರಲ್ಲ.

ಆದ್ದರಿಂದ ಚರ್ಚೆಯನ್ನು ಬೇರೆ ಕಡೆಯಿಂದ ಆರಂಭಿಸಿ. ನೀವು ತರಿಸುವ ಪ್ರತಿಯೊಂದು ಮುಖ್ಯ ವಸ್ತುವಿನ ಮುಂದೆ ಎರಡು ಸಂಖ್ಯೆಗಳನ್ನು ಬರೆಯಿರಿ. ಮೊದಲನೆಯದು, ಆ ವಸ್ತು ಇಲ್ಲದೆ ನಿಮ್ಮ ಸಂಸ್ಥೆ ಎಷ್ಟು ದಿನ ಕೆಲಸ ನಡೆಸಬಲ್ಲದು ಎಂಬುದು. ಎರಡನೆಯದು, ಜೋರು ಮಳೆಯ ವಾರದಲ್ಲಿ ಆ ವಸ್ತು ನಿಮ್ಮ ಬಾಗಿಲಿಗೆ ಬರಲು ಎಷ್ಟು ದಿನ ಬೇಕು ಎಂಬುದು. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ದೊಡ್ಡದಾಗಿರುವ ವಸ್ತುಗಳು ಮಾತ್ರ ನಿಮ್ಮ ನಿಜವಾದ ಚಿಂತೆ. ಉಳಿದವುಗಳಿಗೆ ಹಣವನ್ನೂ ಜಾಗವನ್ನೂ ವ್ಯಯ ಮಾಡಬೇಕಾಗಿಲ್ಲ. ನಿಮ್ಮಷ್ಟು ದೊಡ್ಡ ಸಂಸ್ಥೆಯಲ್ಲಿ ನೂರಾರು ಬಗೆಯ ಸಾಮಾನುಗಳಿದ್ದರೂ ಈ ಪಟ್ಟಿಗೆ ಬರುವವು ಕೆಲವೇ ಆಗಿರುತ್ತವೆ ಎಂಬುದು ನನ್ನ ಅನುಭವ.

ಎರಡನೆಯ ಸಂಖ್ಯೆಯನ್ನು ಬರೆಯುವಾಗ ಜಿಲ್ಲೆಯ ನಕಾಶೆ ಎದುರಿಗಿರಲಿ, ಏಕೆಂದರೆ ಶಿರಸಿಯ ಲೆಕ್ಕ ಬೇರೆ, ಕುಮಟಾದ ಲೆಕ್ಕ ಬೇರೆ. ಶಿರಸಿ ಘಟ್ಟದ ಮೇಲಿದೆ. ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಯಿಂದ ಬರುವ ಲಾರಿ ಯಾವ ದೊಡ್ಡ ಘಟ್ಟವನ್ನೂ ಹತ್ತಬೇಕಾಗಿಲ್ಲ. ಹಾವೇರಿ, ಶಿವಮೊಗ್ಗಗಳ ಕಡೆಯಿಂದಲೂ ದಾರಿಗಳಿವೆ. ಕುಮಟಾದ ಚಿಕಿತ್ಸಾಲಯಕ್ಕೆ ನೀವು ಶಿರಸಿಯ ಉಗ್ರಾಣದಿಂದಲೇ ಔಷಧ ಕಳಿಸುತ್ತಿದ್ದರೆ ಅದು ದೇವಿಮನೆ ಘಟ್ಟವನ್ನು ಇಳಿಯಬೇಕು. ಆ ಘಟ್ಟದಲ್ಲಿ ಒಂದು ಧರೆ ಕುಸಿದರೂ ಕೆಳಗಿನ ಚಿಕಿತ್ಸಾಲಯ ಮೇಲಿನ ಉಗ್ರಾಣದಿಂದ ಬೇರ್ಪಡುತ್ತದೆ. 2021ರ ಜುಲೈಯಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಅಂಕೋಲಾ–ಯಲ್ಲಾಪುರ ಹೆದ್ದಾರಿ ಮುಚ್ಚಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ಜೀವಹಾನಿಯಾಯಿತು, ಅಡುಗೆ ಅನಿಲದ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು, ಹೆದ್ದಾರಿ ಹಲವು ದಿನ ಬಂದ್ ಆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು, ಗೋವಾ ಕಡೆಯ ಸಂಚಾರವೆಲ್ಲ ಪಕ್ಕದ ಹೊಸ ಸೇತುವೆಯೊಂದನ್ನೇ ನೆಚ್ಚಿಕೊಳ್ಳಬೇಕಾಯಿತು.

ರಸ್ತೆ ಹೋದರೆ ರೈಲು ಇದೆಯಲ್ಲ ಎಂದು ಕರಾವಳಿಯವರು ಸಹಜವಾಗಿ ಹೇಳುತ್ತಾರೆ. ಅದೇ ಜುಲೈಯಲ್ಲಿ, ಶಿರೂರಿನ ದುರಂತಕ್ಕೆ ಸುಮಾರು ಒಂದು ವಾರ ಮೊದಲು, ಗೋವಾದ ಪೆರ್ನೆಂ ಬಳಿಯ ಸುರಂಗದಲ್ಲಿ ನೀರು ನುಗ್ಗಿ ಕೊಂಕಣ ರೈಲ್ವೆಯ ಗಾಡಿಗಳು ರದ್ದಾಗಿದ್ದವು. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಬೇಡಿ. ರಸ್ತೆಯನ್ನು ಕೆಡಿಸುವ ಮಳೆಯೇ ಹಳಿಯನ್ನೂ ಕೆಡಿಸುತ್ತದೆ, ವಿದ್ಯುತ್ ಕಂಬವನ್ನೂ ಉರುಳಿಸುತ್ತದೆ, ಮೊಬೈಲ್ ಟವರನ್ನೂ ಆರಿಸುತ್ತದೆ. ಎರಡು ದಾರಿಗಳಿವೆ ಎಂದು ಲೆಕ್ಕ ಹಾಕುವಾಗ ಎರಡೂ ಒಂದೇ ಕಾರಣಕ್ಕೆ ಒಂದೇ ವಾರದಲ್ಲಿ ಮುಚ್ಚಬಹುದೇ ಎಂದು ಕೇಳಿಕೊಳ್ಳಬೇಕು.

ಇದೇ ಪ್ರಶ್ನೆಯನ್ನು ವಿತರಕರ ವಿಷಯದಲ್ಲಿಯೂ ಕೇಳಬೇಕು. ಹುಬ್ಬಳ್ಳಿಯಲ್ಲಿ ಇಬ್ಬರು ವಿತರಕರನ್ನು ಇಟ್ಟುಕೊಂಡರೆ ನಿಮಗೆ ಇಬ್ಬರು ಪೂರೈಕೆದಾರರಿದ್ದಾರೆ ಎಂದು ಅನ್ನಿಸುತ್ತದೆ. ಇಬ್ಬರೂ ಒಂದೇ ಕಂಪನಿಯ ಒಂದೇ ಡಿಪೋದಿಂದ ಮಾಲು ಎತ್ತುತ್ತಿದ್ದರೆ, ಒಂದೇ ಟ್ರಾನ್ಸ್‌ಪೋರ್ಟಿನ ಗಾಡಿಯಲ್ಲಿ ಕಳಿಸುತ್ತಿದ್ದರೆ, ಕೊರತೆಯ ದಿನ ಇಬ್ಬರೂ ಒಂದೇ ಮಾತು ಹೇಳುತ್ತಾರೆ. ಆದ್ದರಿಂದ ಶಿರಸಿಯ ಆಸ್ಪತ್ರೆಗೆ ಮೊದಲ ವಿತರಕರು ಹುಬ್ಬಳ್ಳಿಯವರಾದರೆ ಎರಡನೆಯವರು ಶಿವಮೊಗ್ಗ ಅಥವಾ ಹಾವೇರಿ ಕಡೆಯವರಾಗಿರಲಿ. ಕುಮಟಾದ ಚಿಕಿತ್ಸಾಲಯಕ್ಕೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಅಥವಾ ಉಡುಪಿ ಕಡೆಯಿಂದ ನೇರವಾಗಿ ಮಾಲು ಬರುವ ಏರ್ಪಾಡು ಬೇಕು. ಶಿರೂರು ಕುಮಟಾದ ಉತ್ತರಕ್ಕಿದೆ. ಅಲ್ಲಿ ಹೆದ್ದಾರಿ ಮುಚ್ಚಿದರೂ ಕುಮಟಾಕ್ಕೆ ದಕ್ಷಿಣದ ದಾರಿ ಉಳಿಯುತ್ತದೆ. ಕಾರವಾರದಲ್ಲಿರುವ ಸಂಸ್ಥೆಗಾದರೆ ನಾನು ಇದಕ್ಕೆ ತದ್ವಿರುದ್ಧವಾಗಿ, ಗೋವಾ ಕಡೆಗೆ ಮುಖ ಮಾಡಿ ಎಂದು ಹೇಳುತ್ತಿದ್ದೆ.

ಎರಡನೆಯ ವಿತರಕರಿಗೆ ನಿಜವಾದ ಆರ್ಡರು ಹೋಗುತ್ತಿರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಖರೀದಿಯ ನಾಲ್ಕನೆಯ ಒಂದು ಪಾಲನ್ನಾದರೂ ವರ್ಷವಿಡೀ ಅವರಿಗೆ ಕೊಡಿ, ಅದರಿಂದ ರಿಯಾಯಿತಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ವರ್ಷವೆಲ್ಲ ಮಾತನಾಡಿಸದೆ ಜುಲೈಯಲ್ಲಿ ಮಾತ್ರ ಫೋನ್ ಮಾಡುವ ಗಿರಾಕಿಗೆ ಕೊರತೆಯ ಸಮಯದಲ್ಲಿ ಯಾರೂ ಮಾಲು ತೆಗೆದಿಡುವುದಿಲ್ಲ. ಹಣ ಪಾವತಿಯ ವಿಷಯವೂ ಇದರಲ್ಲೇ ಸೇರಿದೆ. ಡಿಪೋದಿಂದ ನೂರು ಪೆಟ್ಟಿಗೆ ಬರಬೇಕಾದಲ್ಲಿ ಮೂವತ್ತೇ ಬಂದಾಗ ವಿತರಕರು ಅದನ್ನು ಯಾರಿಗೆ ಹಂಚುತ್ತಾರೆ? ಬಿಲ್ಲನ್ನು ಹೊತ್ತಿಗೆ ಸರಿಯಾಗಿ ತೀರಿಸಿದವರಿಗೆ. ಆಸ್ಪತ್ರೆಯ ಬಾಕಿಯನ್ನು ಆರು ತಿಂಗಳು ಎಳೆಯುವ ಆಡಳಿತ ಮಂಡಳಿ ಎಷ್ಟು ಚೆನ್ನಾದ ಯೋಜನೆ ಬರೆದರೂ ಕೊರತೆಯ ದಿನ ಅದು ಉಪಯೋಗಕ್ಕೆ ಬಾರದು. ನಿಮ್ಮ ಬಳಿ ಸ್ವಲ್ಪವೇ ಹಣವಿದ್ದರೆ ದಾಸ್ತಾನು ಹೆಚ್ಚಿಸುವ ಮೊದಲು ಹಳೆಯ ಬಾಕಿ ತೀರಿಸಿ.

ಇನ್ನು ಆಸ್ಪತ್ರೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಬದಲಿ ವಸ್ತುವಿಗೆ ಅವಕಾಶ ತೀರಾ ಕಡಿಮೆ.

ಹಾವಿನ ಕಡಿತದ ಪ್ರತಿವಿಷವನ್ನೇ ಮೊದಲು ತೆಗೆದುಕೊಳ್ಳೋಣ. ಬಿತ್ತನೆ, ನಾಟಿಯ ದಿನಗಳಲ್ಲಿ, ಅಂದರೆ ದಾರಿ ಕೆಡುವ ದಿನಗಳಲ್ಲಿಯೇ, ಹಾವು ಕಡಿತವೂ ಹೆಚ್ಚು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿದೆ. ಚಿಕಿತ್ಸೆಯಲ್ಲಿ ಮೊದಲ ಡೋಸೇ ಸಾಮಾನ್ಯವಾಗಿ 10 ವಯಲ್. ವಿಷದ ಲಕ್ಷಣಗಳು ಇಳಿಯದಿದ್ದರೆ ಅಷ್ಟೇ ಪ್ರಮಾಣ ಮತ್ತೊಮ್ಮೆ ಬೇಕಾಗಬಹುದು. ಹೀಗಿರುವಾಗ ಫ್ರಿಜ್‌ನಲ್ಲಿ ಐದು ವಯಲ್ ಇದೆ ಎಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದರಿಂದ ಪ್ರಯೋಜನವಿಲ್ಲ, ಐದು ವಯಲಿನಿಂದ ಒಬ್ಬ ರೋಗಿಯ ಮೊದಲ ಡೋಸೂ ಪೂರ್ಣವಾಗುವುದಿಲ್ಲ. ಇದನ್ನು ವಯಲ್‌ಗಳಲ್ಲಿ ಎಣಿಸದೆ ಎಷ್ಟು ರೋಗಿಗಳಿಗೆ ಪೂರ್ಣ ಚಿಕಿತ್ಸೆಯಾದೀತು ಎಂದು ಎಣಿಸಿ, ಮಳೆಗಾಲದಲ್ಲಿ ಇಬ್ಬರಿಗಾದರೂ ಆಗುವಷ್ಟು ಇಡಿ. ಕೊಳ್ಳುವಾಗ ಪುಡಿ ರೂಪದ್ದನ್ನು ಆರಿಸಿ. ದ್ರವ ರೂಪದ್ದಕ್ಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕೇ ಬೇಕು, ಪುಡಿ ರೂಪದ್ದು ವಿದ್ಯುತ್ ಹೋದಾಗಲೂ ತಾಳುತ್ತದೆ.

ಈ ಪ್ರತಿವಿಷದ ಹಿಂದಿನ ಕೊಂಡಿಯನ್ನೂ ಗಮನಿಸಬೇಕು. ದೇಶದ ಹಲವು ಕಂಪನಿಗಳು ಇದನ್ನು ತಯಾರಿಸುತ್ತವೆ, ಆದರೆ ಪ್ರತಿವಿಷ ತಯಾರಿಸಲು ಅವುಗಳಿಗೆ ಬೇಕಾದ ಹಾವಿನ ವಿಷದ ಬಹುಪಾಲು ಬರುವುದು ಚೆನ್ನೈ ಸಮೀಪದಲ್ಲಿ 1978ರಿಂದ ಕೆಲಸ ಮಾಡುತ್ತಿರುವ ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘವೊಂದರಿಂದ. ಲೇಬಲ್‌ಗಳು ಹಲವು, ಮೂಲ ಬಹುಮಟ್ಟಿಗೆ ಒಂದೇ. ಅದರ ಮೇಲೆ, ಈ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಉರಿಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆಂದೇ ತಯಾರಿಸಲಾಗಿದೆ. ನಮ್ಮ ಪಶ್ಚಿಮ ಘಟ್ಟದ ಗುಳಿಮಂಡಲ ಎಂಬ ಬೇರೆ ಬಗೆಯ ಹಾವುಗಳ ವಿಷಕ್ಕೆ ಅದು ನಾಟುವುದಿಲ್ಲ. ಅಂಥ ರೋಗಿಗೆ ಬೇಕಾಗುವುದು ಮೇಲಿನ ದರ್ಜೆಯ ಆಸ್ಪತ್ರೆಗೆ ಹೋಗುವ ದಾರಿ. ಹಾಗಾಗಿ ದೇವಿಮನೆ ಘಟ್ಟ ಮುಚ್ಚಿದ ದಿನ ಮಣಿಪಾಲ, ಮಂಗಳೂರಿನ ಬದಲು ಹುಬ್ಬಳ್ಳಿ ಅಥವಾ ಶಿವಮೊಗ್ಗಕ್ಕೆ ರೋಗಿಯನ್ನು ಕಳಿಸುವ ವ್ಯವಸ್ಥೆಯನ್ನೂ ಪೂರೈಕೆಯ ಯೋಜನೆಯ ಭಾಗವೆಂದೇ ಎಣಿಸಿ, ಆ ಊರುಗಳ ತುರ್ತು ವಿಭಾಗದವರೊಂದಿಗೆ ಮುಂಚಿತವಾಗಿ ಮಾತನಾಡಿಡಿ.

ಡಯಾಲಿಸಿಸ್ ನಿಮ್ಮಲ್ಲಿ ಅತ್ಯಂತ ಸೂಕ್ಷ್ಮವಾದ ಘಟಕ ಎಂದು ನಾನು ಭಾವಿಸುತ್ತೇನೆ. ವಾರಕ್ಕೆ ಎರಡು ಮೂರು ಬಾರಿ ಬರಲೇಬೇಕಾದ ರೋಗಿಗಳು ಅವರು. ಒಂದು ಸರದಿ ತಪ್ಪಿದರೆ ಮೈ ಊದುತ್ತದೆ, ಎರಡು ತಪ್ಪಿದರೆ ಜೀವಕ್ಕೆ ಅಪಾಯ. ಯಂತ್ರ ಮಿನಿಟಿಗೆ 500 ಮಿಲಿಲೀಟರ್ ದ್ರಾವಣವನ್ನು ಹರಿಸುತ್ತದೆ, ಅಂದರೆ ನಾಲ್ಕು ತಾಸಿನ ಒಂದು ಸರದಿಗೆ 120 ಲೀಟರ್. ಎರಡು ಯಂತ್ರಗಳಲ್ಲಿ ದಿನಕ್ಕೆ ಎರಡೆರಡು ಸರದಿ ನಡೆದರೆ 480 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಶುದ್ಧೀಕರಣದಲ್ಲಿ ಹೊರಹೋಗುವ ನೀರು ಇದಕ್ಕೆ ಹೊರತಾಗಿದೆ. ವಿದ್ಯುತ್ ಇಲ್ಲದೆ ಯಂತ್ರವೂ ನಡೆಯದು, ನೀರಿನ ಪಂಪೂ ನಡೆಯದು. ಆದ್ದರಿಂದ ಇಲ್ಲಿ ಎಣಿಸಬೇಕಾದದ್ದು ರಕ್ತ ಸೋಸುವ ಡಯಲೈಸರ್‌ಗಳನ್ನು ಮಾತ್ರವಲ್ಲ, ಜನರೇಟರಿನ ಡೀಸೆಲನ್ನೂ ನೀರಿನ ಟಾಕಿಯನ್ನೂ ಎಣಿಸಬೇಕು. ಡಯಲೈಸರ್ ಮತ್ತು ರಕ್ತನಳಿಕೆಗಳು ಹಗುರ. ಅಗತ್ಯ ಬಿದ್ದರೆ ಸಾರಿಗೆ ಸಂಸ್ಥೆಯ ಬಸ್ಸುಗಳ ‘ನಮ್ಮ ಕಾರ್ಗೋ’ ಪಾರ್ಸೆಲಿನಲ್ಲಿ ತರಿಸಿಕೊಳ್ಳಬಹುದು. ಯಂತ್ರದ ದ್ರಾವಣಕ್ಕೆ ಬೆರೆಸುವ ಕಾನ್ಸಂಟ್ರೇಟ್ ಕ್ಯಾನುಗಳು ಹಾಗಲ್ಲ, ಭಾರವಾದ ದ್ರವ, ಲಾರಿಯಲ್ಲಿಯೇ ಬರಬೇಕು. ಹಾಗಾಗಿ ಹಗುರವಾದದ್ದಕ್ಕಿಂತ ಭಾರವಾದದ್ದನ್ನೇ ಹೆಚ್ಚು ದಿನಗಳಿಗೆ ಕೂಡಿಡಿ.

ಆಮ್ಲಜನಕದಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7,000 ಲೀಟರ್ ಅನಿಲವಿರುತ್ತದೆ. ಮಿನಿಟಿಗೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ಅದು ಹನ್ನೊಂದೂವರೆ ತಾಸಿನಷ್ಟು ಮಾತ್ರ ಬರುತ್ತದೆ. ಖಾಲಿ ಸಿಲಿಂಡರು ಹಿಂದಕ್ಕೆ ಹೋದರೆ ತುಂಬಿದ ಸಿಲಿಂಡರು ಬರುತ್ತದೆ. ದಾರಿ ಮುಚ್ಚಿದಾಗ ಹೋಗುವುದೂ ಬರುವುದೂ ಒಟ್ಟಿಗೇ ನಿಲ್ಲುತ್ತವೆ. ಮಳೆಗಾಲದಲ್ಲಿ ಖಾಲಿ ಸಿಲಿಂಡರುಗಳು ಅರ್ಧದಷ್ಟಾಗುವವರೆಗೆ ಕಾಯದೆ ಮೂರನೆಯ ಒಂದು ಭಾಗ ಖಾಲಿಯಾದ ಕೂಡಲೇ ಕಳಿಸುವ ರೂಢಿ ಮಾಡಿಕೊಳ್ಳಿ.

ರಕ್ತನಾಳದ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್, ಸಲೈನ್‌ಗಳಂಥ ದ್ರಾವಣಗಳಿಗೆ ಲೆಕ್ಕ ಸರಳ. ಬೇಸಿಗೆಯಲ್ಲಿ ದಿನಕ್ಕೆ ಸರಾಸರಿ 6 ಬಾಟಲಿ ಖರ್ಚಾಗಿ, ಆರ್ಡರು ಮಾಡಿದ 3 ದಿನಕ್ಕೆ ಮಾಲು ಬರುತ್ತಿದ್ದರೆ ಕಪಾಟಿನಲ್ಲಿ 18 ಬಾಟಲಿ ಉಳಿದಾಗ ಹೊಸ ಆರ್ಡರು ಹಾಕಿದರೆ ಸಾಕು. ಮಳೆಗಾಲದಲ್ಲಿ ಖರ್ಚು ದಿನಕ್ಕೆ 10ಕ್ಕೆ ಏರಿ, ಮಾಲು ಬರಲು 12 ದಿನ ಹಿಡಿಯಬಹುದು ಎಂದು ಊಹಿಸಿದರೆ 120 ಉಳಿದಾಗಲೇ ಆರ್ಡರು ಹೋಗಬೇಕು. ಇಡೀ ವರ್ಷ 120ರ ಮಟ್ಟವನ್ನು ಕಾಯುವ ಅಗತ್ಯವಿಲ್ಲ. ಮೇ ಮಧ್ಯದಲ್ಲಿ ಈ ಮಟ್ಟಕ್ಕೆ ಏರಿಸಿ, ಅಕ್ಟೋಬರ್‌ನಲ್ಲಿ ಇಳಿಸಿ, ಮುಂಚಿತವಾಗಿ ಎಕ್ಸ್‌ಪೈರಿ ಆಗುವ ಬ್ಯಾಚನ್ನು ಮುಂಚಿತವಾಗಿ ಬಳಸಿ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಸೌದೆ, ಉಪ್ಪು, ಹಪ್ಪಳಗಳನ್ನು ಹೊಂದಿಸಿಡುವ ಪದ್ಧತಿ ಇದೇ ಲೆಕ್ಕದ್ದು.

ದಾಸ್ತಾನು ತುಂಬಿದ್ದರೂ ಕೊರತೆ ಬರುವುದುಂಟು ಎಂಬುದಕ್ಕೆ ಇತ್ತೀಚಿನ ಎರಡು ಉದಾಹರಣೆಗಳಿವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಒಂದು ಕಂಪನಿಯ ದ್ರಾವಣದ ಬಳಕೆಯನ್ನೇ ರಾಜ್ಯ ಸರ್ಕಾರ ತಡೆಹಿಡಿಯಿತು. ಅಂಥ ಆದೇಶ ಬಂದ ಗಳಿಗೆಯಲ್ಲಿ ನಿಮ್ಮ ಕಪಾಟಿನಲ್ಲಿರುವುದೆಲ್ಲ ಅದೇ ಕಂಪನಿಯದ್ದಾದರೆ ತುಂಬಿದ ಕಪಾಟೂ ಖಾಲಿಯಂತೆಯೇ. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಹೆಲೀನ್ ಚಂಡಮಾರುತದ ಪ್ರವಾಹ ಬ್ಯಾಕ್ಸ್‌ಟರ್ ಕಂಪನಿಯ ಒಂದು ಕಾರ್ಖಾನೆಯನ್ನು ನಿಲ್ಲಿಸಿತು. ಆ ದೇಶಕ್ಕೆ ಬೇಕಾದ ಇಂಥ ದ್ರಾವಣಗಳ ಸುಮಾರು ಶೇ 60ರಷ್ಟು ಅಲ್ಲಿಯೇ ತಯಾರಾಗುತ್ತಿತ್ತು. ದೂರದೂರದ ಆಸ್ಪತ್ರೆಗಳೂ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆದ್ದರಿಂದ ಮುಖ್ಯ ದ್ರಾವಣಗಳನ್ನು ಎರಡು ತಯಾರಕರಿಂದ ಕೊಳ್ಳಿ. ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆ ಯಾವ ರೋಗಿಗೆ ಹೋಯಿತೆಂಬುದು ಕೇಸ್ ಪೇಪರಿನಲ್ಲಿ ಸಿಗುವಂತಿರಲಿ.

ಯಾವ ದಾಸ್ತಾನಿನಿಂದಲೂ ಪರಿಹಾರವಾಗದ ಕೊರತೆಗಳೂ ಇವೆ. ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ 2024ರ ಆರಂಭದಲ್ಲಿ, ಕಾಡಿನ ಉಣುಗುಗಳ ಕಡಿತದಿಂದ ಹರಡುವ ಮಂಗನ ಕಾಯಿಲೆ ಮತ್ತೆ ಕಾಣಿಸಿಕೊಂಡಿತು. ಈ ರೋಗಕ್ಕೆ ಹಲವು ವರ್ಷ ಕೊಡುತ್ತಿದ್ದ ಲಸಿಕೆ ಬೆಂಗಳೂರಿನ ಹೆಬ್ಬಾಳದ ಒಂದೇ ಸರ್ಕಾರಿ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ಅದರ ಪರಿಣಾಮಕಾರಿತ್ವ ಸಾಲದೆಂದು ಕಂಡುಬಂದ ಮೇಲೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಬದಲಿ ಲಸಿಕೆ ಸಿದ್ಧವಿರಲಿಲ್ಲ. ನಿಮ್ಮ ಆಸ್ಪತ್ರೆ ಮಾಡಬಹುದಾದದ್ದು ಇಷ್ಟೇ: ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲವನ್ನು ಸರ್ಕಾರಿ ಆರೋಗ್ಯ ಕೇಂದ್ರದಿಂದ ಕೊಡಿಸುವುದು, ಜ್ವರ ಬಂದವರ ರಕ್ತದ ಮಾದರಿಯನ್ನು ಬೇಗ ಪ್ರಯೋಗಾಲಯಕ್ಕೆ ತಲುಪಿಸುವುದು. ಈ ರೋಗದ ಕಾಲ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಎಂಬುದನ್ನು ಮರೆಯಬೇಡಿ, ಎಲ್ಲ ಅಪಾಯಗಳನ್ನೂ ಮಳೆಗಾಲದ ಪಟ್ಟಿಯಲ್ಲಿಯೇ ಸೇರಿಸಿದರೆ ಇದು ಬಿಟ್ಟುಹೋಗುತ್ತದೆ.

ತಂಪಿನ ಔಷಧಗಳ ಬಗ್ಗೆ ಒಂದೇ ಮಾತು. ಮನೆಬಳಕೆಯ ಫ್ರಿಜ್ ವಿದ್ಯುತ್ ಹೋದ ಕೆಲವೇ ತಾಸಿಗೆ ಬಿಸಿಯಾಗುತ್ತದೆ. ಲಸಿಕೆಗೆಂದು ಮಾಡಿದ ಐಸ್‌ಲೈನ್ಡ್ ರೆಫ್ರಿಜರೇಟರ್ ದಿನಕ್ಕೆ 8 ತಾಸು ವಿದ್ಯುತ್ ಸಿಕ್ಕರೂ ತಂಪನ್ನು ಕಾಯುತ್ತದೆ. ನಮ್ಮ ಜಿಲ್ಲೆಯ ಜುಲೈ ತಿಂಗಳನ್ನು ಬಲ್ಲವರಿಗೆ ಇದರ ಬೆಲೆ ದುಬಾರಿ ಎನಿಸದು. ಘಟ್ಟ ಇಳಿಸಿ ಇನ್ಸುಲಿನ್ ಕಳಿಸುವಾಗ ಅದು ಗಟ್ಟಿ ಮಂಜುಗಡ್ಡೆಗೆ ನೇರವಾಗಿ ತಾಗದಂತೆ ನೋಡಿಕೊಳ್ಳಿ, ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಬಳಕೆಗೆ ಬಾರದು.

ಶಾಲೆಗೆ ಬರೋಣ. ಶಾಲೆಯ ಪೂರೈಕೆಯಲ್ಲಿ ಜೀವದ ಅಪಾಯ ಕಡಿಮೆ, ಆದರೆ ಕಾಲ ಕಟ್ಟುನಿಟ್ಟು. ಪಠ್ಯಪುಸ್ತಕಗಳು ಬೇಕಾಗುವುದು ಮೇ ಕೊನೆ, ಜೂನ್ ಮೊದಲ ವಾರ. ಕರಾವಳಿಗೆ ಮುಂಗಾರು ತಲುಪುವುದೂ ಆಗಲೇ. ಅನುದಾನಿತ ಶಾಲೆಯಾದ್ದರಿಂದ ನಿಮಗೆ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ ಬರುತ್ತವೆ. ಇಲ್ಲಿ ಇನ್ನೊಬ್ಬ ಪೂರೈಕೆದಾರರನ್ನು ಹುಡುಕುವ ಪ್ರಶ್ನೆಯೇ ಇಲ್ಲ. ನಿಮ್ಮ ಕೈಯಲ್ಲಿರುವುದು ಹಳೆಯ ಪುಸ್ತಕಗಳು. ಮಾರ್ಚ್ ಪರೀಕ್ಷೆ ಮುಗಿದ ದಿನವೇ ಮಕ್ಕಳಿಂದ ಪುಸ್ತಕಗಳನ್ನು ಪಡೆದು ಒಣ ಕೋಣೆಯಲ್ಲಿ ತರಗತಿವಾರು ಜೋಡಿಸಿಟ್ಟರೆ ಜೂನ್, ಜುಲೈ ತಿಂಗಳ ಪಾಠ ನಡೆಯುತ್ತದೆ. ಪಠ್ಯ ಬದಲಾಗುವ ವರ್ಷದಲ್ಲಿ ಮಾತ್ರ ಇದು ಸಾಲದು. 2022ರಲ್ಲಿ ಪರಿಷ್ಕರಣೆಯ ವಿವಾದದಿಂದಾಗಿ ಯಾವ ಪಾಠ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಶಾಲೆ ಆರಂಭವಾದ ಮೇಲೂ ಇತ್ಯರ್ಥವಾಗಿರಲಿಲ್ಲ. ಅಂಥ ವರ್ಷಗಳಿಗಾಗಿ ಪ್ರತಿ ವಿಷಯದ ಮೊದಲ ಎರಡು ಪಾಠಗಳನ್ನು ಸಂಘದ ಜಾಲತಾಣದಿಂದ ಮೇ ತಿಂಗಳಲ್ಲೇ ಇಳಿಸಿಕೊಂಡು ಶಾಲೆಯ ಕಂಪ್ಯೂಟರಿನಲ್ಲಿಡಿ, ಟೋನರನ್ನೂ ಕಾಗದದ ರೀಮುಗಳನ್ನೂ ತೆಗೆದಿಡಿ. ದಾಂಡೇಲಿಯಲ್ಲಿ 1950ರ ದಶಕದಿಂದ ಕಾಗದದ ಕಾರ್ಖಾನೆಯಿದ್ದರೂ ನಮ್ಮ ಜಿಲ್ಲೆಯ ಶಾಲೆಗಳು ಮುದ್ರಿತ ಪುಟಕ್ಕಾಗಿ ಕಾಯಬೇಕಾಗುತ್ತದೆ. ಮೂಲವಸ್ತು ಹತ್ತಿರವಿದ್ದ ಮಾತ್ರಕ್ಕೆ ಸಿದ್ಧವಸ್ತು ಹತ್ತಿರವಿದ್ದಂತಲ್ಲ.

ಬಿಸಿಯೂಟದಲ್ಲಿ ಪ್ರೌಢಶಾಲೆಯ ಒಂದು ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿ. ನಿಮ್ಮಲ್ಲಿ 120 ಮಕ್ಕಳಿದ್ದಾರೆಂದು ಹಿಡಿದರೆ ದಿನಕ್ಕೆ 18 ಕಿಲೋ, 25 ದಿನಕ್ಕೆ 450 ಕಿಲೋ. ಇದಕ್ಕಿಂತ ಹೆಚ್ಚು ಕೂಡಿಡಬೇಡಿ. ಇರುವುದನ್ನು ಗೋಡೆಗೆ ತಾಗದಂತೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಗ್ಯಾಸ್ ಸಿಲಿಂಡರ್ ಒಂದು ಹೆಚ್ಚಿಗೆ ಇರಲಿ. ಅದೂ ಬಾರದ ದಿನಕ್ಕೆ ಒಣ ಸೌದೆ ಮತ್ತು ಒಂದು ಒಲೆ ಇದ್ದರೆ ಶಾಲೆಯ ಮಟ್ಟಿಗೆ ಅಷ್ಟು ಸಾಕು.

ಕಲಾಕೇಂದ್ರದ ಬಗ್ಗೆ ನಿಮ್ಮ ಆಡಳಿತ ಮಂಡಳಿ ಅಷ್ಟಾಗಿ ಯೋಚಿಸಿಲ್ಲ ಎಂದು ಪ್ರಶ್ನೆಯ ಧಾಟಿಯಿಂದ ತೋರುತ್ತದೆ. ನನಗೆ ಹೆಚ್ಚು ಆತಂಕವಿರುವುದು ಅಲ್ಲಿಯೇ. ಔಷಧ ಬಾರದಿದ್ದರೆ ಇಂದಲ್ಲ ನಾಳೆ ಬರುತ್ತದೆ. ಮದ್ದಳೆಗೆ ಮುಚ್ಚಿಗೆ ಹಾಕಿ ಕರ್ಣೆ (ನಡುವಿನ ಕಪ್ಪು ಲೇಪ) ಕೂರಿಸಬಲ್ಲ, ಚಂಡೆಯ ನಾದ ತಿದ್ದಬಲ್ಲ, ಹಗುರ ಮರದಲ್ಲಿ ಕಿರೀಟ ಮತ್ತು ಭುಜಕೀರ್ತಿಗಳನ್ನು ಕೆತ್ತಬಲ್ಲ ವ್ಯಕ್ತಿ ನಿಮ್ಮ ಸೀಮೆಯಲ್ಲಿ ಒಬ್ಬರೋ ಇಬ್ಬರೋ ಇದ್ದು, ಅವರಿಗೆ ವಯಸ್ಸಾಗಿ, ಅವರ ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ್ದರೆ, ಆ ಕೊಂಡಿ ಒಮ್ಮೆ ಕಳಚಿದ ಮೇಲೆ ಯಾವ ವಿತರಕರೂ ಅದನ್ನು ಪೂರೈಸಲಾರರು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರಗಳ ಗುಡಿಗಾರರ ಗಂಧದ ಕೆತ್ತನೆಯಲ್ಲಿ ಇದೇ ಕಷ್ಟದ ಇನ್ನೊಂದು ರೂಪವಿದೆ: ಅಲ್ಲಿ ಕೈ ಇದ್ದರೂ ಮರ ಸಿಗುವುದು ಸರ್ಕಾರಿ ಹಂಚಿಕೆಯಿಂದ, ಹಂಚಿಕೆ ನಿಂತರೆ ಉಳಿ ನಿಲ್ಲುತ್ತದೆ.

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ತಲೆಮಾರುಗಳನ್ನು ದಾಟಿ ಬಂದಿದೆ. ಕಲಿಸುವ ಕೇಂದ್ರವನ್ನೂ ಜೊತೆಗೇ ನಡೆಸಿಕೊಂಡು ಬಂದದ್ದು ಅದಕ್ಕೆ ಒಂದು ಮುಖ್ಯ ಆಧಾರ ಎಂದು ನಾನು ತಿಳಿದಿದ್ದೇನೆ. ನಿಮ್ಮ ಕೇಂದ್ರ ಕುಣಿತ, ಭಾಗವತಿಕೆಗಳನ್ನು ಕಲಿಸುವಂತೆ ವೇಷಭೂಷಣ ಕಟ್ಟುವುದನ್ನೂ ವಾದ್ಯ ದುರಸ್ತಿಯನ್ನೂ ಕಲಿಸಬೇಕು. ವರ್ಷಕ್ಕೆ ಒಬ್ಬ ಹುಡುಗ ಅಥವಾ ಹುಡುಗಿಗೆ ಶಿಷ್ಯವೇತನ ಕೊಟ್ಟು ಆ ಹಿರಿಯ ಕುಶಲಕರ್ಮಿಗಳ ಜೊತೆ ಕೂರಿಸುವ ಖರ್ಚನ್ನು ದಾನ ಎಂದು ಬರೆಯದೆ ಪೂರೈಕೆಯ ಖರ್ಚು ಎಂದೇ ಬಜೆಟ್ಟಿನಲ್ಲಿ ತೋರಿಸಿ, ಆಗ ಹಣದ ಅಭಾವದ ವರ್ಷದಲ್ಲಿ ಅದನ್ನು ಮೊದಲು ಕತ್ತರಿಸುವುದಿಲ್ಲ. ಪ್ರತಿ ಆಭರಣದ ಅಳತೆ, ಮರದ ಜಾತಿ, ಕಟ್ಟುವ ಕ್ರಮಗಳನ್ನು ಚಿತ್ರ ಸಹಿತ ಬರೆದಿಡಿ.

ಆಟದ ಕಾಲ ನವೆಂಬರ್‌ನಿಂದ ಮೇ ತಿಂಗಳವರೆಗೆ ಇರುವುದರಿಂದ ಮಳೆಗಾಲ ನಿಮ್ಮ ಕೇಂದ್ರಕ್ಕೆ ದುರಸ್ತಿಯ ಕಾಲ. ದುರಸ್ತಿಗೆ ಬೇಕಾದ ಚರ್ಮ, ಜರಿ, ಬಟ್ಟೆಗಳು ಮೇ ತಿಂಗಳಲ್ಲಿಯೇ ಕೈಸೇರಿರಬೇಕು. ಆರ್ದ್ರ ಹವೆಯಲ್ಲಿ ಚರ್ಮ ಸಡಿಲಾಗುವುದರಿಂದ ಮುಚ್ಚಿಗೆಯ ಕೆಲಸವನ್ನು ಮಳೆ ಇಳಿದ ಮೇಲೆ, ಮೇಳ ಹೊರಡುವ ಮೊದಲು ಮುಗಿಸಿ. ಬಣ್ಣದ ವಿಷಯದಲ್ಲಿ ಬದಲಿ ವಸ್ತುವೇ ಮೂಲಕ್ಕಿಂತ ಮೇಲು: ಹಿಂದೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್‌ನ ಸಂಯುಕ್ತ, ಇಂಗಳೀಕ ಪಾದರಸದ್ದು, ಮಕ್ಕಳ ಮುಖಕ್ಕೆ ಅವನ್ನು ಹಚ್ಚಲೇಬಾರದು. ಚರ್ಮಕ್ಕೆ ಸುರಕ್ಷಿತವಾದ ಬಣ್ಣ ತಯಾರಿಸುವವರು ಬೇರೆ ಬೇರೆ ಊರುಗಳಲ್ಲಿದ್ದಾರೆ, ಇಬ್ಬರಿಂದ ತರಿಸಿ.

ನಿಮ್ಮ ಮೂರೂ ಸಂಸ್ಥೆಗಳು ಒಂದೇ ಟ್ರಸ್ಟಿನ ಅಡಿಯಲ್ಲಿರುವುದು ದೊಡ್ಡ ಅನುಕೂಲ. ಶಾಲೆಯ ವಾಹನ ರಜೆಯ ದಿನ ಸಿಲಿಂಡರ್ ಸಾಗಿಸಬಹುದು, ಕಲಾಕೇಂದ್ರದ ಜನರೇಟರನ್ನು ಆಟವಿಲ್ಲದ ಮಳೆಗಾಲದಲ್ಲಿ ಆಸ್ಪತ್ರೆಯ ಹಿತ್ತಿಲಿನಲ್ಲಿ ನಿಲ್ಲಿಸಬಹುದು. ಹೊರಗಿನವರೊಂದಿಗೂ ಹೀಗೆಯೇ ಕೈಜೋಡಿಸಿ. 1923ರಲ್ಲಿ ತೋಟಗಾರರ ಮಾರಾಟ ಸಹಕಾರ ಸಂಘವನ್ನು ಕಟ್ಟಿದ ಊರು ನಿಮ್ಮದು. ಸುತ್ತಲಿನ ನಾಲ್ಕೈದು ಆಸ್ಪತ್ರೆಗಳು ಸೇರಿ ಪ್ರತಿವಿಷ, ಆಮ್ಲಜನಕ, ಡಯಾಲಿಸಿಸ್ ಸಾಮಗ್ರಿಗಳನ್ನು ಪರಸ್ಪರ ಎರವಲು ಕೊಡುವ ಒಪ್ಪಂದ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಎರವಲು ಪಡೆದದ್ದನ್ನು ಎಷ್ಟು ದಿನದಲ್ಲಿ, ಯಾವ ಎಕ್ಸ್‌ಪೈರಿಯ ಮಾಲಿನಿಂದ ಹಿಂತಿರುಗಿಸಬೇಕು ಎಂಬುದನ್ನು ಮಾತ್ರ ಬರಹದಲ್ಲಿ ಇಡಿ, ಔಷಧವನ್ನು ಕೊಟ್ಟು ತೆಗೆದುಕೊಳ್ಳುವಾಗ ಎರಡೂ ಕಡೆ ಫಾರ್ಮಸಿಸ್ಟ್ ಸಹಿ ಮಾಡಲಿ.

ಕೊನೆಯ ಪ್ರಶ್ನೆ, ಯಾರಿಗೆ ವಹಿಸಬೇಕು ಎಂಬುದು. ಮೂರೂ ಸಂಸ್ಥೆಗಳ ಉಗ್ರಾಣ ನೋಡಿಕೊಳ್ಳುವವರನ್ನೇ ಕೂರಿಸಿ ಪಟ್ಟಿ ಮಾಡಿಸಿ, ಏಕೆಂದರೆ ಯಾವ ವಸ್ತು ಯಾವಾಗ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಆಸ್ಪತ್ರೆಯ ಫಾರ್ಮಸಿಸ್ಟ್ ಇದರ ಮುಖ್ಯಸ್ಥರಾಗಿರಲಿ. ಅಧ್ಯಕ್ಷರ ಸಹಿಗಾಗಿ ಕಾಯದೆ ಒಂದು ಮಿತಿಯವರೆಗೆ ತುರ್ತು ಖರೀದಿ ಮಾಡುವ ಅಧಿಕಾರವನ್ನು ಆಡಳಿತ ಮಂಡಳಿಯ ಠರಾವಿನ ಮೂಲಕ ಅವರಿಗೆ ಕೊಡಿ, ಅವರು ರಜೆಯಲ್ಲಿದ್ದಾಗ ಆ ಅಧಿಕಾರ ಯಾರಿಗೆ ಎಂಬುದನ್ನೂ ಅದೇ ಠರಾವಿನಲ್ಲಿ ಬರೆಯಿರಿ. ವಿತರಕರು, ಸಾರಿಗೆಯವರು, ಪಕ್ಕದ ಆಸ್ಪತ್ರೆಗಳ ಫೋನ್ ಸಂಖ್ಯೆಗಳು ಒಬ್ಬರ ಮೊಬೈಲಿನಲ್ಲಿ ಮಾತ್ರ ಇರದೆ ಕಾಗದದ ಮೇಲೆ ಉಗ್ರಾಣದ ಗೋಡೆಯಲ್ಲಿರಲಿ. ನೆಟ್‌ವರ್ಕ್ ಹೋಗಿ ಆನ್‌ಲೈನ್ ಪಾವತಿ ನಿಂತ ದಿನಕ್ಕೆಂದು ಸ್ವಲ್ಪ ನಗದು ಹಣವೂ ಅವರ ಬಳಿ ಇರಲಿ. ಏಪ್ರಿಲ್ ಸಭೆಯಲ್ಲಿ ಪಟ್ಟಿ ಮಂಡಿಸಿ, ಮೇ 15ರೊಳಗೆ ಎರಡನೆಯ ವಿತರಕರಿಂದ ಮೊದಲ ಮಾಲು ಶಿರಸಿಗೂ ಕುಮಟಾಕ್ಕೂ ಬಂದು ಇಳಿದಿರುವಂತೆ ನೋಡಿಕೊಳ್ಳಿ.